ಬಲದಿಂದ ಎಡಕ್ಕೆ ಎಳೆದ ಗೆರೆ

ತಿಂಗಳ ಹನ್ನೊಂದನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಡವಿನ ಠಾಣೆಗೆ ಬಂದ ದೂರು, ದೂರುಗಳ ಜಾತಿಗೇ ಸೇರದಂಥದ್ದಾಗಿತ್ತು. ದೂರುದಾರನು ಸವಾರಿ ದೋಣಿಯೊಂದರ ಯಜಮಾನ. ಅವನು ಈಚೆ ದಡದಲ್ಲಿ ಕೆಮ್ಮಿದರೆ ಆಚೆ ದಡದವರು ತಿರುಗಿ ನೋಡುತ್ತಿದ್ದುದರಿಂದ ಊರೆಲ್ಲ ಅವನನ್ನು ಗಂಟಲಣ್ಣ ಎಂದೇ ಕರೆಯುತ್ತಿತ್ತು.

"ನನ್ನ ದೋಣಿಮನೆಗೆ ಯಾರೋ ನುಗ್ಗಿದಾರೆ ಸಾರ್."

"ಏನು ಹೋಗಿದೆ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಏನೂ ಹೋಗಿಲ್ಲ."

"ಏನು ಒಡೆದಿದೆ?"

"ಏನೂ ಒಡೆದಿಲ್ಲ. ಅದಕ್ಕೇ ಸಾರ್ ನನಗೆ ತಲೆ ಕೆಟ್ಟಿರೋದು! ಮೋಟಾರಿನ ಮುಚ್ಚಳಕ್ಕೆ ಹಗ್ಗ ಸುತ್ತಿ ನಾನು ಎರಡು ಗಂಟು ಹಾಕಿರ್ತೀನಿ. ನಿನ್ನೆ ಊಟ ಮುಗಿಸಿ ಬಂದು ನೋಡಿದ್ರೆ ಒಂದೇ ಗಂಟು. ಅದೂ ಹೂವು ಕಟ್ಟಿದ ಹಾಗೆ ಚೆಂದವಾಗಿ."

ಪಕ್ಕದಲ್ಲಿದ್ದ ದಫೇದಾರರು ಮೀಸೆಯೊಳಗೇ ನಕ್ಕರು. "ದೂರು ಗಂಟಿನ ಮೇಲೋ, ಚೆಂದದ ಮೇಲೋ?"

"ನಗಬೇಡಿ ದಫೇದಾರ್ರೆ. ಆ ದೋಣೀಲಿ ದಿನಾ ಹೆಂಗಸರು ಮಕ್ಕಳು ಕೂರ್ತಾರೆ. ಮೋಟಾರಿಗೆ ಏನಾದ್ರೂ ಮಾಡಿಟ್ಟಿದ್ದು, ನಡುಹೊಳೇಲಿ ಅದು ಕೈಕೊಟ್ರೆ ಆಗ ಯಾರ ಹತ್ರ ಬರಲಿ?"

ಇನ್ಸ್‌ಪೆಕ್ಟರು ನಗಲಿಲ್ಲ. ದೂರನ್ನು ಬರೆಸಿಕೊಂಡು, ಹಗಲು ಹೊತ್ತಿನ ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ದಾಖಲಿಸಿದರು. ಸಹಿ ಹಾಕುವ ಮುನ್ನ ಕಾಗದವನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದಾಗ, ದಫೇದಾರರು ಎಂದಿನಂತೆ ಗಂಟಲು ಸರಿಪಡಿಸಿಕೊಂಡು, "ಒಂದು ಸಲ ಜೋರಾಗಿ ಓದಿಬಿಡ್ತೀನಿ ಸಾರ್, ನನಗೇ ತಪ್ಪು ಬರೆಯೋ ಅಭ್ಯಾಸ" ಎಂದು ಮೊದಲಿಂದ ಕೊನೆಯವರೆಗೆ ಓದಿದರು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಆರಂಭವಾಯಿತು. ದೋಣಿಮನೆಯೆಂದರೆ ತಗಡಿನ ಮಾಡು, ಹಲಗೆಯ ಗೋಡೆ, ನೀರಿನತ್ತ ತೆರೆದುಕೊಳ್ಳುವ ಜೋಡು ಬಾಗಿಲು. ಬೀಗ ಇದ್ದಂತೆಯೇ ಇತ್ತು. ಬಂದವರು ಬೀಗದ ಗೊಡವೆಗೇ ಹೋಗದೆ, ಬಾಗಿಲು ತೂಗುವ ಕೀಲಿನ ಮೂರು ಸ್ಕ್ರೂಗಳನ್ನು ಬಿಚ್ಚಿ ಒಳಹೊಕ್ಕು, ಹೋಗುವಾಗ ಮರಳಿ ಬಿಗಿದಿದ್ದರು. ಮೂರು ಸ್ಕ್ರೂಗಳ ತಲೆಯ ಸೀಳುಗಳೂ ಒಂದೇ ದಿಕ್ಕಿಗೆ, ಪಂಕ್ತಿಯಲ್ಲಿ ಕುಳಿತವರಂತೆ, ನೆಟ್ಟಗಿದ್ದವು.

"ಸಾರ್, ಇಲ್ಲಿ ನೋಡಿ," ಎಂದರು ದಫೇದಾರರು. "ಮೋಟಾರಿನ ಕೆಳಗೆ ಮಾತ್ರ ನೆಲ ಒರೆಸಿದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಕಸ ಗುಡಿಸಿ ಹೋದ ಕಳ್ಳನನ್ನ ಇದೇ ಮೊದಲು ನೋಡ್ತಿರೋದು."

"ಕಳ್ಳ ಅಂತ ಯಾರು ಹೇಳಿದ್ರು?" ಎಂದರು ಇನ್ಸ್‌ಪೆಕ್ಟರು.

ಮೋಟಾರಿನ ಒಳಗನ್ನು ಬಲ್ಲವರು ಬೇಕಾಗಿತ್ತು. ಕಡವಿನಲ್ಲಿ ಮೋಟಾರೆಂದರೆ ಮೇಸ್ತ್ರಿ. ಎಪ್ಪತ್ತರ ಹತ್ತಿರದ, ಬಿಳಿ ಹುಬ್ಬಿನ, ಮಿತಭಾಷಿಯಾದ ಆ ಹಿರಿಯರಿಗೆ ಬೇರೆ ಹೆಸರಿದ್ದುದನ್ನು ಜನ ಮರೆತಿದ್ದರು. ದೋಣಿಯ ಹಿಂಬದಿಗೆ ತೂಗುಹಾಕುವ ಆ ಮೋಟಾರುಗಳನ್ನು ಅವರು ನಲವತ್ತು ವರ್ಷಗಳಿಂದ ಬಿಚ್ಚಿ ಕಟ್ಟುತ್ತ ಬಂದಿದ್ದರು. ಗಂಟಲಣ್ಣನ ಮೋಟಾರಿಗೆ ಹಿಂದಿನ ತಿಂಗಳು ಹೊಸ ಬೆಲ್ಟು ಹಾಕಿದವರೂ ಅವರೇ. ಕರೆಕಳಿಸಿದ ಕಾಲು ಗಂಟೆಯಲ್ಲಿ ಬಂದರು.

"ಈ ಬೆಲ್ಟಿನ ಕೆಲಸ ಏನು ಮೇಸ್ತ್ರಿ? ನನಗೆ ತಿಳಿಯೋ ಹಾಗೆ ಹೇಳಿ."

"ಇಂಜಿನ್ನಿನ ದಂಡಕ್ಕೆ ಒಂದು ಚಕ್ರ, ವಾಲ್ವು ತೆಗೆದು ಮುಚ್ಚೋದಕ್ಕೆ ಇನ್ನೊಂದು ಚಕ್ರ. ಎರಡನ್ನೂ ಹಲ್ಲಿನ ಬೆಲ್ಟು ಕಟ್ಟಿಹಾಕಿರುತ್ತೆ ಸಾರ್. ಗುರುತಿಗೆ ಗುರುತು ಕೂಡಬೇಕು, ಅದೇ ಟೈಮಿಂಗು. ಒಂದೇ ಒಂದು ಹಲ್ಲು ತಪ್ಪಿದ್ರೂ ಮೋಟಾರು ಓಡುತ್ತೆ, ಆದ್ರೆ ಏದುಸಿರು ಬಿಡುತ್ತೆ. ಎದುರುಗಾಳೀಲಿ ಹೊರೆ ಬಿದ್ದಾಗ ನಿಂತೇಹೋಗುತ್ತೆ."

"ಇದು ಕೂಡಿದೆಯಾ?"

ಮೇಸ್ತ್ರಿಗಳು ಬಗ್ಗಿದರು. ಕೆಲಸ ಮುಗಿದ ಮೇಲೆ ಚಕ್ರದ ಗುರುತಿನ ಮೇಲೂ ಪಕ್ಕದ ಇಂಜಿನ್ನಿನ ಮೈಮೇಲೂ ಹಾಯುವಂತೆ ಬಿಳಿ ಬಣ್ಣದಿಂದ ಅಡ್ಡಗೆರೆಯೊಂದನ್ನು ಎಳೆಯುವುದು ಅವರ ಪದ್ಧತಿ. ಆ ಗೆರೆಯನ್ನು ಕಂಡರೆ ಸಾಕು, ದೋಣಿಗಾರರು ಕಣ್ಣು ಮುಚ್ಚಿ ಹೊಳೆಗಿಳಿಯುತ್ತಿದ್ದರು. ಮೇಸ್ತ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು; ಅದನ್ನು ಮತ್ತೆ ಹಾಕಿಕೊಳ್ಳದೆ, ಹೆಬ್ಬೆರಳನ್ನು ಗೆರೆಯ ಎಡತುದಿಯಲ್ಲಿಟ್ಟು ಮೆಲ್ಲನೆ ಬಲಕ್ಕೆ ಸವರಿದರು. ಬಲತುದಿಗೆ ಬಂದ ಬೆರಳು ಅಲ್ಲೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು ನಿಂತು, ಬಂದ ದಾರಿಯಲ್ಲೇ ಹಿಂದಿರುಗಿತು.

"ಕೂಡಿದೆ ಸಾರ್. ಯಾರೂ ಮುಟ್ಟಿಲ್ಲ. ಇದು ನನ್ನದೇ ಗೆರೆ."

ಪಂಚನಾಮೆಗೆ ಅವರ ಸಹಿ ಬಿತ್ತು. ಸಹಿಗಾಗಿ ಹಾಕಿದ ಗೀಟಿನಿಂದ ಒಂದು ಬೆರಳು ಕೆಳಗೆ.

ಅಂದೇ ಮಧ್ಯಾಹ್ನ ಇನ್ಸ್‌ಪೆಕ್ಟರು ಕಡವಿನ ಉದ್ದಕ್ಕೂ ನಡೆದು ವಿಚಾರಿಸಿದರು. ಮೂರನೆಯ, ಐದನೆಯ ಮತ್ತು ಎಂಟನೆಯ ತಾರೀಖುಗಳಂದು ಇನ್ನೂ ಮೂರು ದೋಣಿಮನೆಗಳಲ್ಲಿ ಇಂಥದೇ ನಡೆದಿತ್ತು. ಎಲ್ಲವೂ ಊಟದ ಹೊತ್ತಿನಲ್ಲಿ. ಒಬ್ಬರೂ ಠಾಣೆಗೆ ಬಂದಿರಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದರೆ ಬಲೆ ಹೊಲಿಯುತ್ತಿದ್ದ ಮೀನುಗಾರನೊಬ್ಬ ತಲೆ ಕೆರೆದುಕೊಂಡ. "ಏನಂತ ಹೇಳಲಿ ಸಾರ್? ಒಂದು ತಿಂಗಳಿಂದ ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮತಾ ಇದ್ದ ಮೋಟಾರು, ಅವತ್ತಿಂದ ಹದಿನೆಂಟರ ಹುಡುಗನ ಹಾಗೆ ಓಡ್ತಿದೆ. ಬಂದೋನು ಸಿಕ್ಕಿದ್ರೆ ಹಿಡೀಬೇಡಿ, ನನ್ನ ಹತ್ರ ಕಳಿಸಿ."

ನಾಲ್ಕೂ ಮೋಟಾರುಗಳು ಒಂದೇ ಬಗೆಯವು. ನಾಲ್ಕಕ್ಕೂ ಹಿಂದಿನ ತಿಂಗಳು ಮೇಸ್ತ್ರಿಗಳೇ ಬೆಲ್ಟು ಬದಲಿಸಿದ್ದರು. ಇನ್ಸ್‌ಪೆಕ್ಟರು ನಾಲ್ಕರ ಬಿಳಿಗೆರೆಗಳನ್ನೂ ಫೋಟೋ ತೆಗೆಸಿದರು.

ಹನ್ನೆರಡನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಅವರು ಮೇಸ್ತ್ರಿಗಳ ಕಾರ್ಖಾನೆಗೆ ಹೋದರು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನಟ್ಟು ಬಿಚ್ಚುವ ಪಾನಾಗಳು ಗಾತ್ರದ ಕ್ರಮದಲ್ಲಿ ಗೋಡೆಗೆ ತೂಗುತ್ತಿದ್ದವು. ಬಾಗಿಲಲ್ಲಿ ಹೊಸದೊಂದು ರಟ್ಟಿನ ಬೋರ್ಡು: 'ಕೆಲವು ದಿನ ಕೆಲಸ ಇಲ್ಲ'. ಮೂಲೆಯ ಮೊಳೆಗಳಿಗೆ ಬಿಚ್ಚಿದ ಹಳೆಯ ಬೆಲ್ಟುಗಳು ಜೋತುಬಿದ್ದಿದ್ದವು. ಒಂದೊಂದಕ್ಕೂ ದೋಣಿಯ ಹೆಸರು, ತಾರೀಖು ಬರೆದ ಚೀಟಿ. ಹಿಂದಿನ ತಿಂಗಳಿನವು ಐದು. ನಾಲ್ಕು ಗೊತ್ತಿದ್ದವು, ಐದನೆಯ ಚೀಟಿಯಲ್ಲಿ, ನಡುಗಡ್ಡೆಗಳಿಗೆ ಲಸಿಕೆ, ಔಷಧ ಒಯ್ಯುವ ದಾದಿಯ ದೋಣಿಯ ಹೆಸರಿತ್ತು.

ಮೇಸ್ತ್ರಿಗಳ ಹೆಂಡತಿ ನೀರು ತಂದಿಟ್ಟು, ಬಾಗಿಲ ಬಳಿ ಕುಳಿತು ಹರಿದ ಚೀಲವೊಂದನ್ನು ಹೊಲಿಯತೊಡಗಿದರು. ಸಣ್ಣ ಮೈಕಟ್ಟಿನ, ಚುರುಕು ಕಣ್ಣಿನ ಹೆಂಗಸು. ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಹೋದ ತಿಂಗಳು ಐದೂ ಬೆಲ್ಟು ನೀವೊಬ್ಬರೇ ಹಾಕಿದ್ರಾ?"

"ಒಬ್ಬನೇ," ಎಂದರು ಮೇಸ್ತ್ರಿಗಳು. "ಇವಳು ಮಗಳ ಬಾಣಂತನಕ್ಕೆ ಹೋಗಿದ್ದಳು. ಇದ್ದಿದ್ರೆ ದೀಪ ಹಿಡೀತಿದ್ದಳು. ನಲವತ್ತು ವರ್ಷದಿಂದ ಇವಳದು ಅದೊಂದೇ ಕೆಲಸ."

"ಅದೊಂದೇ ಅಂತೆ! ಮೂರು ಹೊತ್ತು ಬೇಯಿಸಿ ಹಾಕಿದ್ದು ಪಕ್ಕದ ಮನೆಯವರೇನೋ," ಎಂದರು ಆಕೆ ಸೂಜಿಯಿಂದ ಕಣ್ಣೆತ್ತದೆ.

"ಯಾವಾಗ ವಾಪಸ್ ಬಂದ್ರಿ ಅಮ್ಮ?"

"ಒಂದನೇ ತಾರೀಖು."

"ಕೈಗೇನಾಯ್ತು?"

"ಮೊಮ್ಮಗಳನ್ನ ಎತ್ತಿ ಎತ್ತಿ ಉಳುಕಿದೆ ಅಷ್ಟೆ. ಗುಂಡುಕಲ್ಲಿನ ಹಾಗಿದಾಳೆ, ಅವಳ ತಾತನ ಹಟವೇ."

ಮೇಸ್ತ್ರಿಗಳು ಆ ಮಣಿಕಟ್ಟಿನ ಕಡೆಗೆ ಮುಖ ತಿರುಗಿಸಿ, ಏನೋ ಕೇಳಲಿದ್ದವರು ಕೇಳಲಿಲ್ಲ. ಆಕೆಯ ಎಡಗೈಯಲ್ಲಿ ಸೂಜಿ ಸರಸರನೆ ಓಡುತ್ತಿತ್ತು.

ಹದಿಮೂರರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರು ದಾದಿಯನ್ನು ಆಸ್ಪತ್ರೆಯ ಕಡವಿನಲ್ಲಿ ಕಂಡರು. ಆಕೆಯ ಕೋಪ ಮೂಗಿನ ತುದಿಯಲ್ಲೇ ಇತ್ತು.

"ನಿನ್ನೆ ಸಂಜೆ ಮೇಸ್ತ್ರಿಗಳು ತಾವಾಗಿಯೇ ಬಂದು ನನ್ನ ಮೋಟಾರಿನ ಎರಡು ಸ್ಪಾರ್ಕ್ ಪ್ಲಗ್ಗೂ ಬಿಚ್ಚಿಕೊಂಡು ಹೋದರು ಸಾರ್! ಪರೀಕ್ಷೆ ಮಾಡಬೇಕಂತೆ. ಹದಿನೈದನೇ ತಾರೀಖು ಬೆಳಿಗ್ಗೆ ನಾನು ದೂರದ ನಡುಗಡ್ಡೆಗೆ ಹೋಗಲೇಬೇಕು. ಕೊಡ್ತೀನಿ ಅಂದಿದಾರೆ. ಕೊಡದಿದ್ರೆ ಅವರನ್ನೇ ಹುಟ್ಟು ಹಾಕೋಕೆ ಕೂರಿಸ್ತೀನಿ."

"ಮೋಟಾರು ಹೇಗೆ ಓಡ್ತಿತ್ತು?"

"ಒಂದು ತಿಂಗಳಿಂದ ಏದುಸಿರು. ಹೋದ ವಾರ ಎದುರುಗಾಳೀಲಿ ಎರಡು ಸಲ ನಿಂತುಹೋಯ್ತು. ಲಸಿಕೆ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಇರೋ ದೇವರನ್ನೆಲ್ಲ ಕರೆದೆ."

ಇನ್ಸ್‌ಪೆಕ್ಟರು ಮುಚ್ಚಳ ತೆಗೆಸಿದರು. ದೋಣಿಯ ಪೆಟ್ಟಿಗೆಯಲ್ಲಿ ಮೋಟಾರಿನ ಕೈಪಿಡಿ ಇತ್ತು. ದಫೇದಾರರು ಅದನ್ನು ಎಂದಿನಂತೆ ಜೋರಾಗಿಯೇ ಓದಿದರು. ಮೇಲಿನ ಚಕ್ರದಲ್ಲಿ ಗುರುತುಗಳು ಎರಡು: ಒಂದು ತ್ರಿಕೋನ, ಅದರಿಂದ ಒಂದು ಹಲ್ಲಿನಾಚೆ ಒಂದು ಚುಕ್ಕೆ. ಚುಕ್ಕೆ ಬೇರೊಂದು ಬಗೆಯ ಮೋಟಾರಿಗೆ. ಇದಕ್ಕೆ ತ್ರಿಕೋನವೇ ಇಂಜಿನ್ನಿನ ಮೈಮೇಲಿನ ಕಚ್ಚಿಗೆ ಎದುರಾಗಬೇಕು. ಆದರೆ ಇಲ್ಲಿ ಕಚ್ಚಿಗೆ ಎದುರಾಗಿದ್ದುದು ಚುಕ್ಕೆ. ಬಿಳಿಗೆರೆ ಆ ಚುಕ್ಕೆಯ ಮೇಲೆಯೇ ಹಾದಿತ್ತು, ಎಡತುದಿಯಲ್ಲಿ ದಪ್ಪವಾಗಿ ಆರಂಭವಾಗಿ ಬಲಕ್ಕೆ ಹೋಗುತ್ತ ತೆಳುವಾಗಿ.

ಇನ್ಸ್‌ಪೆಕ್ಟರು ಜೇಬಿನಿಂದ ನಾಲ್ಕು ಫೋಟೋಗಳನ್ನು ತೆಗೆದರು. ನಾಲ್ಕರಲ್ಲೂ ಗೆರೆ ತ್ರಿಕೋನದ ಮೇಲಿತ್ತು. ನಾಲ್ಕರಲ್ಲೂ ಬಣ್ಣ ಬಲತುದಿಯಲ್ಲಿ ದಪ್ಪ, ಎಡಕ್ಕೆ ಹೋದಂತೆ ತೆಳು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಶಾಸ್ತ್ರಸಮ್ಮತವಾದ ದಾರಿ. ಕುಂಚದ ಬಾಲದಿಂದ ಕೈಯನ್ನು ಊಹಿಸುವುದಕ್ಕೂ ಅದೇ ದಾರಿ ಸಾಕಾಯಿತು. ತ್ರಿಕೋನಕ್ಕೂ ಚುಕ್ಕೆಗೂ ಭೇದ ಕಾಣದ ಕಣ್ಣೊಂದು ಐದು ಸಲ ತಪ್ಪಿತ್ತು. ಆ ತಪ್ಪುಗಳ ಬೆನ್ನು ಹತ್ತಿ, ಎಡಗೈಯೊಂದು ಒಂದೊಂದಾಗಿ ಅವನ್ನು ತಿದ್ದುತ್ತ ಬಂದಿತ್ತು.

"ಯಾರು ಅಂತ ಗೊತ್ತಾಯ್ತಾ ಸಾರ್?" ಎಂದರು ದಫೇದಾರರು.

"ಗೊತ್ತಾಗಬಾರದಿತ್ತು," ಎಂದರು ಇನ್ಸ್‌ಪೆಕ್ಟರು.

ಹದಿನಾಲ್ಕನೆಯ ತಾರೀಖು, ಹನ್ನೆರಡೂವರೆಯಿಂದ ಇನ್ಸ್‌ಪೆಕ್ಟರು, ಮಹಿಳಾ ಪೇದೆ ಮತ್ತು ಇಬ್ಬರು ಪಂಚರು ಆಸ್ಪತ್ರೆ ಕಡವಿನ ಔಷಧದ ಕೋಣೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಕಾವಲುಗಾರ ಊಟಕ್ಕೆ ಎದ್ದ. ಒಂದೂಕಾಲಿಗೆ ಮೇಸ್ತ್ರಿಗಳ ಹೆಂಡತಿ, ನಿನ್ನೆಮೊನ್ನೆ ಹೊಲಿದ ಅದೇ ಚೀಲವನ್ನು ಎಡಗೈಯಲ್ಲಿ ಹಿಡಿದು, ಸಂತೆಗೆ ಹೊರಟವರಂತೆ ನಿರಾಳವಾಗಿ ಬಂದರು. ಬಾರದೆ ಇದ್ದಿದ್ದರೆ ಚೆನ್ನಿತ್ತೆಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಆಕೆ ದೋಣಿಗಿಳಿದು, ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಟವಲಿನಲ್ಲಿ ಸುತ್ತಿದ್ದ ಪಾನಾಗಳನ್ನು ಬಿಡಿಸುವಷ್ಟರಲ್ಲಿ ಇವರು ಹೊರಗೆ ಬಂದರು.

"ಅಮ್ಮ."

ಆಕೆ ಬೆಚ್ಚಲಿಲ್ಲ. ಟವಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು ಹೇಳಿದರು: "ಬಂದ್ರಾ? ಮೊನ್ನೆ ನೀವು ನನ್ನ ಕೈ ನೋಡಿದಾಗಲೇ ಅಂದುಕೊಂಡೆ."

"ಗೊತ್ತಿದ್ದೂ ಯಾಕೆ ಬಂದ್ರಿ?"

"ನಾಳೆ ಬೆಳಿಗ್ಗೆ ಆ ಹೆಣ್ಣುಮಗು ದೂರದ ನಡುಗಡ್ಡೆಗೆ ಹೋಗ್ತಾಳೆ ಸಾರ್. ನಡುಹೊಳೇಲಿ ಮೋಟಾರು ನಿಂತ್ರೆ ದೋಣಿ ಸೀದಾ ಕಲ್ಲಿನ ಕಡೆಗೇ ಹೋಗುತ್ತೆ."

"ಮೇಸ್ತ್ರಿಗಳಿಗೆ ಹೇಳಬಹುದಿತ್ತು."

"ಏನಂತ? 'ರೀ, ನಿಮ್ಮ ಕಣ್ಣು ಹೋಯ್ತು' ಅಂತಲೇ?" ಆಕೆಯ ದನಿ ಮೊದಲ ಬಾರಿಗೆ ಅಲುಗಿತು. "ಬಾಣಂತನ ಮುಗಿಸಿ ಬಂದ ದಿನವೇ ಅಡುಗೆಮನೇಲಿ ನಿಂತು ಸದ್ದು ಕೇಳಿದೆ. ಒಂದರ ಹಿಂದೆ ಒಂದು ಐದು ಮೋಟಾರು ಉಬ್ಬಸ ಪಡ್ತಿದ್ವು. ದೀಪ ಹಿಡಿದಾಗೆಲ್ಲ ನಾನು ಬೆಳಕನ್ನ ತ್ರಿಕೋನದ ಮೇಲೇ ಇಡ್ತಿದ್ದೆ. ಎಷ್ಟು ವರ್ಷದಿಂದ ಅವರು ನನ್ನ ಬೆಳಕು ನೋಡಿ ಕೂಡಿಸ್ತಿದ್ರೋ, ಯಾವಾಗಿಂದ ಗುರುತೇ ಕಾಣ್ತಿರಲಿಲ್ಲವೋ! ನಾನಿಲ್ಲದ ತಿಂಗಳು ತಪ್ಪಿದ್ರು." ಮೂಗು ಒರೆಸಿಕೊಂಡು ಮುಂದುವರಿಸಿದರು: "ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಮನೆಗೆ ಸುದ್ದಿ ಕಳಿಸೋವಾಗ ಮಾತ್ರ ಕಳ್ಳತನ ಅಂತ ಹೇಳಿ. ಈ ವಿಷಯ ಹೇಳಬೇಡಿ."

"ಕಳ್ಳಿ ಅನ್ನಿಸಿಕೊಳ್ತೀರಾ?"

"ನನ್ನದೇನಿದೆ ಸಾರ್, ನಾಲ್ಕು ದಿನ ಆಡಿಕೊಳ್ತಾರೆ, ಸುಮ್ಮನಾಗ್ತಾರೆ. ಅವರ ಗೆರೆಗೆ ಒಂದು ಮಾತು ಬಂದ್ರೆ ಅವರು ಉಳಿಯಲ್ಲ."

ಇನ್ಸ್‌ಪೆಕ್ಟರು ಪಂಚರ ಎದುರಿನಲ್ಲಿ ಮೋಟಾರು ಇದ್ದ ಸ್ಥಿತಿಯ ಫೋಟೋ ತೆಗೆಸಿ, ಚುಕ್ಕೆ ಕಚ್ಚಿಗೆ ಎದುರಾಗಿರುವುದನ್ನು ಪಂಚನಾಮೆಯಲ್ಲಿ ಬರೆಸಿದರು. ಸಮಯ ಒಂದು ಗಂಟೆ ಮೂವತ್ತೈದು. ಆಮೇಲೆ ಮಹಿಳಾ ಪೇದೆಯ ಕೈಯಿಂದ ಟಾರ್ಚು ತೆಗೆದುಕೊಂಡು ತಾವೇ ದೋಣಿಗಿಳಿದರು.

"ಇದನ್ನ ಮುಗಿಸಿಬಿಡಿ ಅಮ್ಮ. ಆಮೇಲೆ ಹೋಗೋಣ."

ಆಕೆ ಒಂದು ಕ್ಷಣ ಅವರನ್ನು ನೋಡಿ, ಬಾಗಿದರು. ಬೆಲ್ಟು ಬಿಗಿಹಿಡಿದ ಬೋಲ್ಟನ್ನು ಸಡಿಲಿಸಿ, ಮೇಲಿನ ಚಕ್ರದಿಂದ ಬೆಲ್ಟನ್ನು ಹೂವಿನ ಎಸಳು ಬಿಡಿಸುವಷ್ಟು ಹಗುರವಾಗಿ ಜಾರಿಸಿದರು. "ಸ್ವಲ್ಪ ಮೇಲೆ ಹಿಡೀರಿ ಸಾರ್. ಅಲ್ಲಲ್ಲ, ಕಚ್ಚಿನ ಮೇಲೆ. ದೀಪ ಹಿಡಿಯೋದು ಅಷ್ಟು ಸುಲಭ ಅಂದ್ಕೊಂಡ್ರಾ?" ಚಕ್ರ ಒಂದು ಹಲ್ಲು ಸರಿಯಿತು, ತ್ರಿಕೋನ ಕಚ್ಚಿಗೆ ಎದುರಾಯಿತು, ಬೆಲ್ಟು ಮತ್ತೆ ಕುಳಿತಿತು. ಇನ್ನು ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತುಗಳು ಮರಳಿ ಕೂಡುತ್ತವೆಯೇ ಎಂದು ನೋಡಬೇಕು. ಆಕೆ ಉಳುಕಿದ ಮಣಿಕಟ್ಟಿನ ಬಟ್ಟೆಯನ್ನು ಬಿಗಿ ಮಾಡಿಕೊಂಡು, ನೋವಿಗೆ ಮೊದಲೇ ಹಲ್ಲು ಕಚ್ಚಿ ಚಕ್ರಕ್ಕೆ ಕೈಹಾಕಿದರು.

ಅದು ತೊಟ್ಟಿಲಿನಂತೆ ತಿರುಗಿತು.

"ಇದ್ಯಾಕೆ ಇಷ್ಟು ಹಗುರ?" ಎನ್ನುತ್ತ ಆಕೆ ಪಕ್ಕಕ್ಕೆ ಬಗ್ಗಿ ನೋಡಿದರು. ಪ್ಲಗ್ಗುಗಳು ಇರಬೇಕಾದ ಎರಡು ತೂತುಗಳಿಗೆ, ಕಸ ಬೀಳದಂತೆ, ಬಟ್ಟೆಯ ಎರಡು ಉಂಡೆಗಳನ್ನು ಒತ್ತಿತ್ತು. ನೀಲಿ ಅಂಚಿನ ಹಳೆಯ ಸೀರೆಯ ಬಟ್ಟೆ. ಅದು ಯಾರ ಮನೆಯ ಸೀರೆಯೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮೊನ್ನೆ ಸಂಜೆ ಮೇಸ್ತ್ರಿಗಳೇ ಬಂದು ತೆಗೆದುಕೊಂಡು ಹೋದರಂತೆ," ಎಂದರು ಇನ್ಸ್‌ಪೆಕ್ಟರು ಮೆಲ್ಲನೆ. "ಬೆಲ್ಟು ಸರಿಯಾಗೋವರೆಗೆ ದೋಣಿ ಹೊರಡಬಾರದು ಅಂತ ಇರಬೇಕು."

"ಅದಕ್ಕೆ ಒಂದು ಪ್ಲಗ್ ತೆಗೆದ್ರೂ ಸಾಕಿತ್ತು ಸಾರ್." ಆಕೆ ಆ ಬಟ್ಟೆಯ ಉಂಡೆಯನ್ನು ಬೆರಳಿನಿಂದ ಮುಟ್ಟಿದರು. "ಎರಡೂ ತೆಗೆದ್ರೆ ಒಳಗಿನ ಗಾಳಿ ಒತ್ತಲ್ಲ. ಇಂಜಿನ್ನು ಹಗುರ ತಿರುಗುತ್ತೆ. ನನ್ನ ಮಣಿಕಟ್ಟು..." ಸೆರಗು ಕಣ್ಣಿಗೆ ಹೋಯಿತು. ಆಮೇಲೆ ಹಳೆಯ ಗೆರೆಯನ್ನು ಒರೆಸಿ, ಕುಂಚ ಅದ್ದಿ, ಬಲದಿಂದ ಎಡಕ್ಕೆ ಹೊಸ ಗೆರೆಯನ್ನು ಎಳೆದರು. ನಡುಗದ ಗೆರೆ.

ಎರಡು ಗಂಟೆ ಐದು ನಿಮಿಷಕ್ಕೆ ಮಹಿಳಾ ಪೇದೆಯ ಸಮ್ಮುಖದಲ್ಲಿ ಬಂಧನವಾಯಿತು. ಜಾಮೀನಿಗೆ ಅರ್ಹವಾದ ಅಪರಾಧ. ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಠಾಣೆಗೆ ಓಡಿಬಂದವನು ಗಂಟಲಣ್ಣ. ಬೆಂಚಿನ ಮೇಲೆ ಕುಳಿತ ಆಕೆಯನ್ನು ಕಂಡು, ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಿದ: "ದಫೇದಾರ್ರೆ, ಜಾಮೀನಿಗೆ ನಾನೇ ನಿಲ್ಲಲಾ?"

"ದೂರು ಕೊಟ್ಟೋನೇ ಜಾಮೀನು ನಿಂತಿದ್ದನ್ನ ನಾನೆಲ್ಲೂ ಕೇಳಿಲ್ಲ ಕಣಯ್ಯ. ಸುಮ್ನೆ ಕೂತ್ಕೋ."

ಮೂರೂವರೆಗೆ ಮೇಸ್ತ್ರಿಗಳು ಬಂದರು. ಹೊಸ್ತಿಲನ್ನು ಕಾಲಿನಿಂದ ತಡವಿ ಒಳಗೆ ಬಂದು, ನೇರ ಹೆಂಡತಿಯ ಎದುರಿಗೆ ನಿಂತರು. ಯಾರ ಕಡೆಗೂ ನೋಡಲಿಲ್ಲ.

"ಐದನೇದು ಆಯ್ತೇನೇ?"

"ಆಯ್ತು. ಪ್ಲಗ್ ಹಾಕೋದೊಂದು ಬಾಕಿ."

ಅವರು ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಎರಡು ಪ್ಲಗ್ಗುಗಳನ್ನು ತೆಗೆದು ಆಕೆಯ ಎಡಗೈಗೆ ಕೊಟ್ಟರು. "ಕೈ ನೋವು ಬಂತಾ?"

"ಇಲ್ಲ ರೀ. ಹಗುರ ಇತ್ತು."

ಇನ್ಸ್‌ಪೆಕ್ಟರು ಹೇಳಿದರು: "ಮೇಸ್ತ್ರಿ, ಹನ್ನೊಂದನೇ ತಾರೀಖು ನೀವು ನನಗೆ ಸುಳ್ಳು ಹೇಳಿದ್ರಿ."

"ಹೇಳಿದೆ ಸಾರ್. ಬರ್ಕೊಳ್ಳಿ. ನನ್ನ ಗೆರೆ ಬಲಗಡೆ ತೆಳುವಾಗಿ ಮುಗೀಬೇಕು. ಅವತ್ತು ಹೆಬ್ಬೆರಳಿಗೆ ಅಲ್ಲಿ ದಪ್ಪ ಸಿಕ್ತು. ನನ್ನ ತಪ್ಪೂ, ಅದನ್ನ ತಿದ್ದಿದೋರು ಯಾರು ಅನ್ನೋದೂ ಒಟ್ಟಿಗೇ ಗೊತ್ತಾಯ್ತು. ಮನೆಗೆ ಹೋಗಿ ಕೆಲಸ ಇಲ್ಲ ಅಂತ ಬೋರ್ಡು ಹಾಕಿದೆ. ಇವಳಿಗೆ ಹೇಳಲಿಲ್ಲ." ಅವರು ಹೆಂಡತಿಯ ಕಡೆ ತಿರುಗಿದರು. "ನನಗೆ ಗೊತ್ತಿಲ್ಲ ಅಂತ ಇವಳು ಅಷ್ಟು ಕಷ್ಟಪಡ್ತಿದ್ದಳು. ಆ ಕಷ್ಟ ವ್ಯರ್ಥ ಆಗಬಾರದು ಅನ್ನಿಸ್ತು."

ಜಾಮೀನು ಪತ್ರದಲ್ಲಿ ಸಹಿ ಹಾಕಬೇಕಾದ ಗೀಟಿನ ಮೇಲೆ ಆಕೆ ಬೆರಳಿಟ್ಟರು. ಮೇಸ್ತ್ರಿಗಳ ಲೇಖನಿ ಆ ಬೆರಳಿಗೆ ತಾಗಿ, ಅಲ್ಲಿಂದ ಬರೆಯತೊಡಗಿತು. ಈ ಸಲ ಸಹಿ ಗೀಟಿನ ಮೇಲೆಯೇ ಬಿತ್ತು. ಗಂಡಹೆಂಡಿರು ಹೊರಡುವಾಗ ಗಂಟಲಣ್ಣ ಬಾಗಿಲು ಹಿಡಿದು ನಿಂತು, "ಅಕ್ಕ, ಮುಂದಿನ ವರ್ಷದ ಬೆಲ್ಟು ನೀವೇ ಹಾಕಬೇಕು" ಎಂದ. "ದೀಪ ಹಿಡಿಯೋಕೆ ನಾನಿದೀನಿ," ಎಂದರು ಮೇಸ್ತ್ರಿಗಳು.

ಅವರು ಹೋದ ಮೇಲೆ ಇನ್ಸ್‌ಪೆಕ್ಟರು ಕೇಸ್ ಡೈರಿ ತೆರೆದರು. ಅಪರಾಧದ ಉದ್ದೇಶವೆಂಬ ಕಡೆಯಲ್ಲಿ ಬಹಳ ಹೊತ್ತು ಯೋಚಿಸಿ ಬರೆದರು: 'ಪತಿಯ ಕೆಲಸದಲ್ಲಿ ಬಂದ ದೋಷದಿಂದ ಯಾರಿಗೂ ಪ್ರಾಣಾಪಾಯವಾಗದಂತೆಯೂ, ದೋಷವು ಪತಿಗೆ ತಿಳಿಯದಂತೆಯೂ, ಅದನ್ನು ಸರಿಪಡಿಸುವುದು. ಎರಡರಲ್ಲಿ ಮೊದಲನೆಯದು ಈಡೇರಿದೆ.'

ಬರೆದದ್ದನ್ನು ಒಂದು ಮೊಳ ದೂರ ಹಿಡಿದು ನೋಡಿದರು. ದಫೇದಾರರು ಮೆಲ್ಲನೆ ಪಕ್ಕಕ್ಕೆ ಬಂದು ಗಂಟಲು ಸರಿಪಡಿಸಿಕೊಂಡರು.

"ಒಂದು ಸಲ ಜೋರಾಗಿ ಓದಿಬಿಡಲಾ ಸಾರ್? ನನಗೇ..."

"ತಪ್ಪು ಬರೆಯೋ ಅಭ್ಯಾಸ. ಇದನ್ನ ಬರೆದೋನು ನಾನು ಕಣ್ರೀ." ಇನ್ಸ್‌ಪೆಕ್ಟರು ತಲೆಯೆತ್ತಿ ಅವರನ್ನು ನೋಡಿದರು. "ಎಷ್ಟು ದಿನದಿಂದ ಹೀಗೆ ಓದ್ತಿದೀರಿ?"

ದಫೇದಾರರು ಕಿಟಕಿಯಾಚೆ ನೋಡುತ್ತ ಮೀಸೆ ಸವರಿಕೊಂಡರು. "ಒಂದೂವರೆ ವರ್ಷ ಆಯ್ತೇನೋ ಸಾರ್."

"ನಾಳೆ ಕನ್ನಡಕದ ಅಂಗಡಿಗೆ ಹೋಗೋಣ," ಎಂದರು ಇನ್ಸ್‌ಪೆಕ್ಟರು, ಡೈರಿಯನ್ನು ಅವರ ಕೈಗೆ ಕೊಡುತ್ತ. "ಈಗ ಓದಿ."